ಸೂರಿಗೆ ಎರೆದ ನೀರು

ನಮ್ಮ ಯಜಮಾನರು ಹೋದ ಮೇಲೆ ಮನೆಯಲ್ಲಿ ಕೆಮ್ಮಿನ ಸದ್ದು ನಿಂತಿತು. ಆ ಸದ್ದಿಗೇ ಕಿವಿಗೊಟ್ಟು ಮಲಗಿ ಅಭ್ಯಾಸವಾಗಿದ್ದ ನನಗೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಈಗ ಬರುತ್ತದೆ. ಸೂರಿನ ಹುಲ್ಲಿನ ವಾಸನೆ ಮೂಗಿಗೆ ಬಂದರೆ ಸಾಕು, ಅವರು ಇಲ್ಲೇ ಎಲ್ಲೋ ಇದ್ದಾರೆ ಅನ್ನಿಸುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂದಾಗ ಈ ಮನೆಗೆ ಸಿಮೆಂಟ್ ಶೀಟು ಇತ್ತು. ಅವರೇ ಹೊದಿಸಿದ್ದು. ಎಳೆಯ ಪ್ರಾಯದಿಂದ ಘಟ್ಟದ ಕೆಳಗಿನ ಊರುಗಳ ಗೋದಾಮುಗಳಿಗೆ ಶೀಟು ಕೊಯ್ದು ಹಾಕುವುದೇ ಅವರ ಕೆಲಸ. ಸಂಜೆಯಾದರೆ ರೆಪ್ಪೆಗೂ ಬಿಳಿ ಪುಡಿ ಹತ್ತಿರುತ್ತಿತ್ತಂತೆ. ಬರಬರುತ್ತಾ ಘಟ್ಟದ ಮೇಲಿನ ದಿಂಬದಲ್ಲಿ ಬಸ್ಸಿಳಿದು ಟೀ ಅಂಗಡಿಯವರೆಗೆ ನಡೆಯುವುದಕ್ಕೂ ಉಸಿರು ಸಾಲದಾಯಿತು. ಆ ಶೀಟಿನಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಎದೆಯಲ್ಲಿ ಕೂತಿದೆ, ಇನ್ನು ಏಳುವುದಿಲ್ಲ ಎಂದರು ಡಾಕ್ಟರು. ಗಟ್ಟಿ ಶೀಟು ತನ್ನ ಪಾಡಿಗಿದ್ದರೆ ಅಷ್ಟು ಭಯವಿಲ್ಲ, ಒಡೆದರೆ, ಕೊಯ್ದರೆ ಕೆಡುಕು ಎಂದೂ ಹೇಳಿದರು. ನಮ್ಮ ಸೂರನ್ನೋ ಕೋತಿಗಳು ಕುಣಿದು ಕುಣಿದು ಸೀಳಿದ್ದವು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅದನ್ನು ಇಳಿಸಿದೆವು. ಹೆಂಚು ತರಿಸಿ ಗೋಡೆ ಪಕ್ಕ ಜೋಡಿಸಿಟ್ಟಿದ್ದರು. ನಾನು ಒಳಗೊಳಗೇ ಹಿಗ್ಗಿದ್ದೆ. ಅವರು ಗಾಳಿ ಬೀಸದ ಕಡೆ ದೂರ ಕೂತು ಹೇಗೆ ಇಳಿಸಬೇಕೆಂದು ಹೇಳುತ್ತಿದ್ದರು. ನನ್ನ ತಮ್ಮಂದಿರು ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಸೂರಿಗೆ ನೀರೆರೆದು, ಬೋಲ್ಟು ಬಿಚ್ಚಿ, ಒಂದೊಂದೇ ಶೀಟನ್ನು ಒಡೆಯದೆ ಹಗ್ಗದಲ್ಲಿ ಇಳಿಸಿದರು. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದು ಅದರಲ್ಲಿ ಸುತ್ತಿ, ಹೊಲದ ಮೂಲೆಯ ಆಳದ ಗುಂಡಿಯಲ್ಲಿ ಹೂಳುವುದೆಂದಾಗಿತ್ತು. ನಾನು ಪೊರಕೆ ಹಿಡಿದಿದ್ದಕ್ಕೆ, ಧೂಳೇಳುತ್ತದೆ ಎಂದು ಬೈದರು. ಗುಡಿಸದೆ ಸಾರಿಸುವುದುಂಟೇ? ಆದರೂ ಅಂದು ನೆಲಕ್ಕೆ ನೀರು ಚಿಮುಕಿಸಿ ಹಸಿ ಬಟ್ಟೆಯಲ್ಲೇ ಬಳಿದು ತೆಗೆದೆ. ಆ ಬಟ್ಟೆಯೂ ಗುಂಡಿಗೇ ಹೋಯಿತು.

ಇನ್ನೂ ನೀರೆರೆಯುತ್ತಿದ್ದಾಗಲೇ ಯಜಮಾನರ ಅಕ್ಕ ಬಂದರು. ಅವರನ್ನು ಜೀರಹಳ್ಳಿಗೆ ಕೊಟ್ಟಿತ್ತು.

"ಏನ್ಲಾ, ಮನಗೆ ಎಣ್ಣೆ-ನೀರಾ?"

"ಎಣ್ಣೆ ನೀನ್ ತತ್ತಾ ಅಕ್ಕ, ನೀರ ನಾನ್ ಉಯ್ಯಿಸ್ತೀನಿ," ಅಂದರು ಇವರು.

ಅಕ್ಕ ನಕ್ಕು ಕೂತರು. ಅವರೊಂದು ಅಡುಗೆಮನೆ ಕಟ್ಟಿಸುತ್ತಿದ್ದರು. ಇಳಿಸುವ ಶೀಟುಗಳಲ್ಲಿ ಒಳ್ಳೆಯವನ್ನು ಅದಕ್ಕೆ ಕೇಳಿದರು. ಇವರು ಆಗುವುದಿಲ್ಲ ಎಂದರು. ತವರಿಗೆ ಬಂದ ಹೆಣ್ಣಿಗೆ ನಮ್ಮಲ್ಲಿ ಕುಂಬಳಕಾಯಿಯನ್ನಾದರೂ ಕೊಟ್ಟು ಕಳಿಸುತ್ತೇವೆ, ಇಲ್ಲ ಅನ್ನುವುದಿಲ್ಲ.

"ಮಣ್ಗಾಕ್ತೀಯ, ಒಡುಟ್ಟಿದೋಳ್ಗೆ ಕೊಡಕಿಲ್ವೇನ್ಲಾ?" ಅಂದ ಅಕ್ಕ, ಕುಂಕುಮವನ್ನೂ ಇಟ್ಟುಕೊಳ್ಳದೆ ಎದ್ದು ಹೋದರು. ತವರಿನ ಬಾಗಿಲನ್ನು ಮತ್ತೆ ತುಳಿಯದೇ ಇದ್ದುಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಇವರು ಆ ರಾತ್ರಿ ಉಣ್ಣಲಿಲ್ಲ.

ಬೆಳಿಗ್ಗೆ ಎದ್ದವರೇ ನಮ್ಮ ಹೆಂಚನ್ನೆಲ್ಲ ಗಾಡಿಗೆ ಹೇರಿಸಿದರು. ನನ್ನನ್ನು ಕೇಳಲಿಲ್ಲ, ಮುಖ ನೋಡಿದರು ಅಷ್ಟೇ. ನಾನೂ ಗಾಡಿ ಹತ್ತಿದೆ. ಅಕ್ಕನ ಬಾಗಿಲಲ್ಲಿ ಇಳಿದು, ಉಸಿರು ಹಿಂದಿರುಗುವವರೆಗೆ ಗಾಲಿ ಹಿಡಿದು ನಿಂತರು.

"ಅಕ್ಕ, ನನ್ ಕೆಮ್ಮ ನೀನ್ ಕೇಳಿದ್ದೀಯ. ಅದ ನಿನ್ ಒಲೆ ಮ್ಯಾಲ ಒದಿಸಕಿಲ್ಲ ಕಣ. ಎಂಚ ಇಳಿಸ್ಕೊ."

ಅಕ್ಕ ಗಾಡಿಯಲ್ಲಿದ್ದ ಹೆಂಚನ್ನು ಮುಟ್ಟಿ ನೋಡಿ, "ನಿನ್ ಮನಗೆ ಏನ್ ಒದಿಸ್ತೀಯ?" ಎಂದರು.

"ತಾಳಮಲೆ ಉಲ್ಲು."

"ಆನೆ ಬಂದು ಕಿತ್ಕೊಂಡು ತಿಂದ್ರ?"

"ತಿನ್ಲಿ. ಆನಗೇನ್ ಕೆಮ್ಮು ಬರಕಿಲ್ಲ."

ಅಕ್ಕ ಅಳುತ್ತಲೇ ನಕ್ಕುಬಿಟ್ಟರು. ತಾಳಮಲೆಯ ಕಾಡಿನ ಜನ ಬಂದು ನಮ್ಮ ಮನೆಗೆ ದಪ್ಪಗೆ ಹುಲ್ಲು ಹೊದಿಸಿದರು. ಅದರ ತಂಪಿನಲ್ಲಿ ಇವರು ಎರಡು ಬೇಸಿಗೆ ಕಳೆದರು. ಆಗಾಗ ಮೇಲೆ ನೋಡುತ್ತಾ ಮಲಗಿರುತ್ತಿದ್ದರು, ಸುಖವಾಗಿ.

ಹೊಲದ ಆ ಮೂಲೆಗೆ ನಾನು ನೇಗಿಲು ಹೂಡಿಸುವುದಿಲ್ಲ. ಹುಲ್ಲು ಬದಲಿಸುವಾಗ ಅಕ್ಕ ತಪ್ಪದೆ ಬರುತ್ತಾರೆ. ಯಜಮಾನರು ಹೋದ ಮೇಲಿನ ಮೊದಲ ಸಲ, ಹಳೆಯ ಹುಲ್ಲು ಕೀಳುವ ಮುಂಚೆ ನಾನು ಅದಕ್ಕೆ ನೀರೆರೆಸತೊಡಗಿದ್ದೆ. ಅಕ್ಕ ನೋಡಿದರು.

"ಅದು ಉಲ್ಲು ಕಣಮ್ಮಿ," ಎಂದರು. ಆಮೇಲೆ ತಾವೇ ಹೋಗಿ ಇನ್ನೊಂದು ಕೊಡ ನೀರು ತಂದುಕೊಟ್ಟರು.