ಬೇಸ್‌ಬಾಲ್ ಕಾರ್ಡಿನ ವಿಲ್ಮಾ

ಪಿಟ್ಸ್‌ಬರ್ಗ್ ಬಳಿಯ ಮೊನಾಂಗಹೇಲಾ ನದಿಯ ಮೇಲಿನ ಮಂಜು ಇನ್ನೂ ಕದಲಿಲ್ಲ. ಸೇತುವೆ ಇಳಿದ ಕೂಡಲೇ ಸಿಗುವ ಮೂಲೆ ಅಂಗಡಿಯಲ್ಲಿ ಮಾತ್ರ ದೀಪ ಹತ್ತಿದೆ. ವಿಲ್ಮಾ ಯುರ್ಚಿಕ್ ಪೆಟ್ರೋಲ್ ಪಂಪಿನ ಸ್ವಿಚ್ಚು ಹಾಕಿ, ಕಾಫಿ ಯಂತ್ರಕ್ಕೆ ನೀರು ತುಂಬಿ, ಡೋನಟ್ ತಟ್ಟೆಗಳನ್ನು ಗಾಜಿನ ಕಪಾಟಿಗೆ ಸರಿಸುತ್ತಾರೆ. ಇವತ್ತು ಗುರುವಾರ, ಸಾಮಾನಿನ ಲಾರಿ ಬರುವ ದಿನ. ಅದು ಆಗಲೇ ಇಳಿಸಿಹೋದ ಹಾಲು, ಬ್ರೆಡ್ಡು, ಸಿಗರೇಟು ಎಲ್ಲವೂ ನೆಲದ ಮೇಲೆ ಕಾಯುತ್ತಿದ್ದರೂ ಅವರ ಕೈ ಮೊದಲು ಹೋಗುವುದು ಇಟ್ಟಿಗೆ ಗಾತ್ರದ ಒಂದು ರಟ್ಟಿನ ಡಬ್ಬಿಗೆ. ಅದರಲ್ಲಿರುವುದು ಬೇಸ್‌ಬಾಲ್ ಕಾರ್ಡಿನ ಪೊಟ್ಟಣಗಳು. ಒಂದೊಂದರಲ್ಲೂ ಕೆಲವು ಆಟಗಾರರ ಚಿತ್ರ. ಯಾರದ್ದು ಎಂದು ಹರಿದು ನೋಡುವವರೆಗೆ ತಿಳಿಯದು. ಅವನ್ನು ಗಲ್ಲಾದ ಪಕ್ಕ, ಸಣ್ಣ ಮಕ್ಕಳ ಕಣ್ಣಿಗೆ ಸಮನಾಗಿ ಜೋಡಿಸಿಡುತ್ತಾರೆ.

ಊರಿನ ಉಕ್ಕಿನ ಕಾರ್ಖಾನೆ ಮುಚ್ಚಿದಾಗ ವಿಲ್ಮಾಗೆ ಇಪ್ಪತ್ತಾರು ವರ್ಷ. ಗಂಡ ಆಂಟನ್ ಕೆಲಸ ಹುಡುಕಿಕೊಂಡು ಟೆಕ್ಸಾಸಿನ ಎಣ್ಣೆ ಬಾವಿಗಳ ಕಡೆ ಹೋದರು. ವರ್ಷಗಳ ನಂತರ ಬಂದದ್ದು ಬೆನ್ನು ಮುರಿದುಕೊಂಡು. ಇಬ್ಬರು ಹೆಣ್ಣುಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂದು ವಿಲ್ಮಾ ಈ ನಸುಕಿನ ಪಾಳಿ ಹಿಡಿದರು. “ಒಂದ್ ಚಳಿಗಾಲ ಕಳೀಲಿ, ಆಮೇಲೆ ಬಿಟ್ರಾಯ್ತು ಅಂದ್ಕೊಂಡಿದ್ದೆ,” ಎಂದು ನಗುತ್ತಾರೆ. ಅಂಗಡಿಯ ಮಾಲೀಕರು ಬದಲಾದರು, ಬೋರ್ಡು ಬದಲಾಯಿತು, ಹಳೇ ಮಾಲೀಕನ ಕೈಯಿಂದ ದೊಡ್ಡ ಕಂಪನಿಯ ಕೈಗೂ ಹೋಯಿತು. ಗಲ್ಲಾದ ಹಿಂದೆ ನಿಂತವರು ಬದಲಾಗಲಿಲ್ಲ. ವರ್ಷಗಟ್ಟಲೆ ನಿಂತು ನಿಂತು ಮೊಣಕಾಲು ಈಗ ಹೇಳಿದ ಮಾತು ಕೇಳುತ್ತಿಲ್ಲ, ಅಷ್ಟೇ.

ಬೆಳಗಿನ ಮೊದಲ ಗಿರಾಕಿ ಲೆನ್ ಮಿಹಾಲಿಕ್. ಊರಿನ ಕಸದ ಲಾರಿ ಓಡಿಸುವ, ಅರ್ಧ ತಲೆ ನರೆತ ಆಳು. ಹುಡುಗನಾಗಿದ್ದಾಗ ಸೈಕಲ್ಲಿನಲ್ಲಿ ಬಂದು ಇದೇ ವಿಲ್ಮಾರ ಕೈಯಿಂದ ಪೊಟ್ಟಣ ಕೊಂಡವರು. ಆಗ ಕಾರ್ಡುಗಳಿಗೆ ಮೇಣದ ಕಾಗದ ಸುತ್ತಿರುತ್ತಿತ್ತು, ಒಳಗೆ ಅಗಿಯಲು ಗುಲಾಬಿ ಬಣ್ಣದ ಒಂದು ಬಬಲ್ ಗಮ್ಮಿನ ಪಟ್ಟಿ. ಅದರ ಸಕ್ಕರೆ ಪುಡಿ ಮೆತ್ತಿಕೊಂಡು ಕೊನೆಯ ಕಾರ್ಡು ಯಾವಾಗಲೂ ಹಾಳು. ಎರಡೆರಡು ಬಂದ ಕಾರ್ಡುಗಳನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿಕೊಂಡು ಮೋಟರ್ ಸೈಕಲ್ಲಿನ ಹಾಗೆ ಸದ್ದು ಮಾಡುತ್ತ ಇಳಿಜಾರಿನಲ್ಲಿ ಬಿಡುತ್ತಿದ್ದರಂತೆ.

“ಆ ಗಮ್ಮು ಹಂಚಿನ ಚೂರಿದ್ದಂಗೆ ಇರ್ತಿತ್ತು,” ಎನ್ನುತ್ತಾರೆ ಲೆನ್. “ನನ್ನ ಈ ಹಲ್ಲು ಹೋಗಿದ್ದೇ ಅದ್ರಿಂದ.”

“ಸುಳ್ಳು ಬಿಡ್ಬೇಡ್ವೋ. ಐಸ್ ಮೇಲೆ ಹಾಕಿ ಮ್ಯಾಚ್ ಆಡಕ್ಕೆ ಹೋಗಿ ಉದುರಿಸ್ಕೊಂಡೋನು ನೀನು,” ಎಂದು ವಿಲ್ಮಾ ಕಾಫಿ ಲೋಟ ಮುಂದೆ ತಳ್ಳುತ್ತಾರೆ.

ಶಾಲೆಗೆ ಮುಂಚೆ ಬರಲಿ, ಬಿಟ್ಟ ಮೇಲೆ ಬರಲಿ, ಪೊಟ್ಟಣ ಆರಿಸಲು ಮಕ್ಕಳು ಹೊತ್ತು ತೆಗೆದುಕೊಳ್ಳುತ್ತಾರೆ. ಕಣ್ಣು ಮುಚ್ಚಿ ಎಳೆಯುವವರಿದ್ದಾರೆ, ತಳದಿಂದಲೇ ಬೇಕೆನ್ನುವವರಿದ್ದಾರೆ, ಕೊಂಡದ್ದನ್ನು ಬಾಗಿಲವರೆಗೆ ಒಯ್ದು ವಾಪಸು ತಂದು ಬದಲಿಸುವವರೂ ಇದ್ದಾರೆ. ಹಿಂದೆ ಸಾಲು ಬೆಳೆದರೂ ವಿಲ್ಮಾ ಯಾರನ್ನೂ ಅವಸರಪಡಿಸಿದ್ದಿಲ್ಲ. ಗೊಣಗಿದವರಿಗೆ, ಬೇಕಿದ್ದರೆ ಪಕ್ಕದ ಅಂಗಡಿಗೆ ಹೋಗಿ ಎನ್ನುತ್ತಾರೆ. ಪಕ್ಕದಲ್ಲಿ ಅಂಗಡಿಯಿಲ್ಲ, ನದಿಯಿದೆ.

ಈ ಸಂಭ್ರಮಕ್ಕೆ ಕಲ್ಲು ಬಿದ್ದದ್ದು ಎರಡು ವರ್ಷದ ಹಿಂದೆ. ಅಪರೂಪದ ಕಾರ್ಡುಗಳಿಗೆ ಇಂಟರ್ನೆಟ್ಟಿನಲ್ಲಿ ಬೆಲೆ ಏರಿದ್ದೇ ತಡ, ಬೂದು ವ್ಯಾನಿನಲ್ಲಿ ಒಬ್ಬಾತ ಪ್ರತಿ ಗುರುವಾರ ನಸುಕಿಗೇ ಬರತೊಡಗಿದ. ಜೇಬಿನಿಂದ ಚಿನ್ನದಂಗಡಿಯ ಪುಟ್ಟ ತಕ್ಕಡಿ ತೆಗೆದು ಪೊಟ್ಟಣಗಳನ್ನು ತೂಗುತ್ತಿದ್ದ. ವಿಶೇಷ ಕಾರ್ಡಿರುವ ಪೊಟ್ಟಣ ಕೂದಲೆಳೆಯಷ್ಟು ಭಾರವಂತೆ. ಕೆಲವು ವಾರದಲ್ಲಿ ತೂಗುವುದನ್ನೂ ಬಿಟ್ಟು ಡಬ್ಬಿಗೆ ಡಬ್ಬಿಯನ್ನೇ ಎತ್ತಿಕೊಂಡು ಹೋದ. ಶಾಲೆ ಬಿಟ್ಟು ಬಂದ ಮಕ್ಕಳಿಗೆ ಉಳಿದದ್ದು ಖಾಲಿ ಜಾಗ.

ವಿಲ್ಮಾ ಒಂದು ರಟ್ಟಿನ ಮೇಲೆ ‘ತಲೆಗೆ ಎರಡೇ ಪೊಟ್ಟಣ’ ಎಂದು ಬರೆದು ತೂಗುಹಾಕಿದರು. ವ್ಯಾನಿನವನು ಕಂಪನಿಗೆ ದೂರು ಕೊಟ್ಟ. ಪ್ರಾಂತದ ಮ್ಯಾನೇಜರ್ ಬಂದು, ದುಡ್ಡು ಕೊಡುವ ಗಿರಾಕಿಗೆ ಇಲ್ಲವೆನ್ನಲು ನೀವು ಯಾರು ಎಂದು ಕೇಳಿದರು. ಇನ್ನೊಮ್ಮೆ ಹೀಗಾದರೆ ಕೆಲಸ ಇರುವುದಿಲ್ಲ ಎಂದೂ ಹೇಳಿದರು. ಆಂಟನ್‌ರ ಔಷಧಿಯೆಲ್ಲ ಬರುತ್ತಿದ್ದದ್ದು ಈ ಕೆಲಸದ ವಿಮೆಯಿಂದ. ವಿಲ್ಮಾ ಸ್ಟೂಲು ಹತ್ತಿ ರಟ್ಟು ಬಿಚ್ಚಿದರು. “ಮನೆಗೆ ಹೋಗಿ ಅತ್ಬಿಟ್ಟೆ. ಆಂಟನ್‌ಗೆ ಈರುಳ್ಳಿ ಹೆಚ್ತಿದ್ದೆ ಅಂದೆ,” ಎಂದು ಈಗ ಹೇಳಿಕೊಳ್ಳುತ್ತಾರೆ.

ರಟ್ಟು ಇಲ್ಲದ್ದನ್ನು ಮೊದಲು ಕಂಡವರು ಲೆನ್. ಏನಾಯಿತೆಂದು ಕೇಳಿ ತಿಳಿದು, ಕಾಫಿ ಲೋಟ ಹಿಡಿದುಕೊಂಡು ಲಾರಿ ಹತ್ತಿದರು. ಮುಂದಿನ ಗುರುವಾರ ವಿಲ್ಮಾ ಬಾಗಿಲು ತೆರೆದಾಗ ಹೊರಗೆ ಸಾಲು ನಿಂತಿತ್ತು. ಕಸದ ಲಾರಿಯವರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸುಗಳು, ಟಾರು ಹಾಕುವವರು, ಶಾಲೆ ಬಸ್ಸಿನ ಡ್ರೈವರಮ್ಮ. ಒಬ್ಬೊಬ್ಬರೂ ಎರಡೆರಡು ಪೊಟ್ಟಣ ತೆಗೆದುಕೊಂಡು, ಬಿಲ್ಲು ಮಾಡಿಸಿ, ಕಾಫಿ ಯಂತ್ರದ ಪಕ್ಕ ಲೆನ್ ತಂದಿಟ್ಟಿದ್ದ ಊಟದ ಡಬ್ಬಿಯೊಳಗೆ ಹಾಕಿ ಕೆಲಸಕ್ಕೆ ಹೊರಟರು. ಲೆನ್ ಮಾತ್ರ ನಿಂತರು.

ವ್ಯಾನಿನವನು ಬಂದು ಖಾಲಿ ಜಾಗ ನೋಡಿದ. ಊಟದ ಡಬ್ಬಿಯನ್ನೂ ನೋಡಿದ.

“ಅಲ್ಲಿ ಇದಾವಲ್ಲ, ಅವು?”

“ನಮ್ದು,” ಎಂದರು ಲೆನ್. “ದುಡ್ಡು ಕೊಟ್ಟಿರೋ ಗಿರಾಕಿಗಳು ಕಣಪ್ಪ ನಾವು.”

ಅವನು ಮತ್ತೆರಡು ಗುರುವಾರ ಬಂದು ನೋಡಿದ. ಆಮೇಲೆ ಬರಲಿಲ್ಲ. ಆದರೂ ಸಾಲು ನಿಲ್ಲುವುದು ತಪ್ಪಿಲ್ಲ. ಮಕ್ಕಳು ಮಧ್ಯಾಹ್ನ ಬಂದು ಆ ಡಬ್ಬಿಯಿಂದಲೇ ಕೊಳ್ಳುತ್ತಾರೆ. ಅವರು ಹಾಕಿದ ಚಿಲ್ಲರೆಯಲ್ಲಿ ಸಾಲಿನವರ ಬೆಳಗಿನ ಕಾಫಿ ನಡೆಯುತ್ತದೆ. ಮ್ಯಾನೇಜರಿಗೂ ಸುದ್ದಿ ಮುಟ್ಟಿರಲೇಬೇಕು. ಮಾರಾಟ ಕಡಿಮೆಯಾಗಿಲ್ಲ, ಅವರೂ ಬಾಯಿ ಬಿಟ್ಟಿಲ್ಲ. ಈಗ ವಿಲ್ಮಾ ತಮ್ಮ ಪಾಳಿ ಮುಗಿದ ಮೇಲೂ ಒಂದು ಗಳಿಗೆ ನಿಂತು, ಬಸ್ಸಿಳಿದ ಮಕ್ಕಳನ್ನು ನೋಡಿಯೇ ಮನೆಗೆ ಹೊರಡುವುದು.

ಇಷ್ಟೆಲ್ಲ ಮಾಡಿದ ಇವರಿಗೆ ಯಾವ ಆಟಗಾರ ಅಚ್ಚುಮೆಚ್ಚು ಎಂದು ಕೇಳಿದರೆ ವಿಲ್ಮಾ ತಲೆ ತುರಿಸಿಕೊಳ್ಳುತ್ತಾರೆ. ಬೇಸ್‌ಬಾಲ್ ನೋಡುವ ಅಭ್ಯಾಸವೇ ಅವರಿಗಿಲ್ಲ. ಪಿಟ್ಸ್‌ಬರ್ಗ್ ತಂಡ ಗೆದ್ದಿತೋ ಸೋತಿತೋ ಎನ್ನುವುದು ಲೆನ್ ಮುಖ ನೋಡಿಯೇ ಗೊತ್ತಾಗುವುದಂತೆ.

“ಮಕ್ಳು ಪೊಟ್ಟಣ ಹರೀತಾರೆ ನೋಡಿ, ಹರಿದ್ಮೇಲೆ ಯಾರು ಬಂದಿದಾರೆ ಅಂತ ನೋಡಕ್ಕೆ ಮುಂಚೆ ಒಂದ್ ಚಣ ಸುಮ್ನಾಗ್ಬಿಡ್ತಾರೆ,” ಎನ್ನುತ್ತಾರೆ, ಗಲ್ಲಾ ಒರೆಸುತ್ತ. “ಎಂಥಾ ತುಂಟ ಮಗೂನೂ ಉಸಿರು ಬಿಡಲ್ಲ. ನಮ್ಮೂರಲ್ಲಿ ಎಷ್ಟೋ ಜನ ಚಿಕ್ಕೋರಿದ್ದಾಗ ಹಂಗೆ ನಿಂತಿದ್ದನ್ನ ನೋಡಿರೋಳು ನಾನೊಬ್ಳೇ.”