ಗೋಡೆಯ ಅರಳಿ

ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಯಾವುದಕ್ಕೂ ಸಹಿ ಹಾಕದ ಮನುಷ್ಯರೆಂದರೆ ಅವರೊಬ್ಬರೇ. ನನ್ನ ಎದುರು ಮನೆಯವರು, ವಿಜಯಪುರದ ಕಡೆಯವರು. ಸೊಸೈಟಿಯ ಯಾವ ಕಾಗದ ಒಯ್ದರೂ ಕನ್ನಡಕವನ್ನು ಹಣೆಗೇರಿಸಿ, ಎರಡು ಸಲ ಓದಿ, ಪೆನ್ನಿನ ಸಮೇತ ವಾಪಸು ಕೊಡುತ್ತಿದ್ದರು.

"ಮನಸ್ಸು ಒಪ್ಪವಲ್ದು ನೋಡ್ರಿ."

ಸೆಕ್ರೆಟರಿಯಾಗಿದ್ದ ನನಗೆ ಆ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿತ್ತು.

ಒಂದು ವರ್ಷ ನನ್ನ ಬಾತ್‌ರೂಮಿನ ಹೊರಗೋಡೆಯ ಬಿರುಕಿನಲ್ಲಿ ಅರಳಿ ಗಿಡವೊಂದು ಬೇರು ಬಿಟ್ಟು, ಒಳಗೆ ನೀರು ಸೋರತೊಡಗಿತು. ಅದನ್ನು ಕೀಳಿಸಬೇಕೆಂಬ ಕಾಗದಕ್ಕೆ ಅವರನ್ನು ಬಿಟ್ಟು ಎಲ್ಲರೂ ಸಹಿ ಹಾಕಿದರು. ಆದರೆ ಅರಳಿಗೆ ಕೈ ಹಚ್ಚಲು ಒಬ್ಬರೂ ತಯಾರಿಲ್ಲ. ಪ್ಲಂಬರ್ ಕೂಡ ಗಿಡಕ್ಕೆ ಕೈಮುಗಿದು ಹೊರಟುಹೋದ. ದೇವರು ದಿಂಡರೆನ್ನದ ಇವರೇ ಸರಿಯೆಂದು ಹೋಗಿ ಬಾಗಿಲು ಬಡಿದೆ.

"ನಿಮಗೇನ್ರಿ ಹೆದರಿಕಿ? ನೀವೇ ಕಿತ್ತುಬಿಡ್ರಿ," ಎಂದೆ.

"ಆ ಗಿಡದಿಂದ ನನಗೇನೂ ತ್ರಾಸಿಲ್ಲ. ತ್ರಾಸ ನಿಮಗ, ಸಹಿ ನಿಮ್ದು. ಕೈ ಮಾತ್ರ ನಂದ್ಯಾಕ್ರಿ?" ಎಂದವರೇ, ಕುಂಡದ ಮಣ್ಣು ಕೆದರುವ ಕುರ್ಪಿಯನ್ನು ಒಳಗಿನಿಂದ ತಂದು ನನ್ನ ಕೈಗಿಟ್ಟರು.

ಎಂಥ ಸೊಕ್ಕು! ಸಿಟ್ಟಿನಲ್ಲೇ ಮನೆಗೆ ಬಂದು ಕಿಟಕಿಯಿಂದ ಕೈ ಚಾಚಿದೆ. ಕೆಂಪು ಚಿಗುರು ಬೆರಳಿಗೆ ತಾಗಿತು. ಕುರ್ಪಿ ಮುಂದೆ ಸರಿಯಲೇ ಇಲ್ಲ.

ಅವರು ಗೋರೆಗಾಂವ್‌ಗೆ ಮನೆ ಬದಲಿಸಿ ಎರಡು ವರ್ಷವಾಯಿತು. ಬಾತ್‌ರೂಮು ಇನ್ನೂ ಸೋರುತ್ತಿದೆ, ಕೆಳಗೆ ಬಕೆಟ್ ಇಟ್ಟಿದ್ದೇನೆ. ಅದು ತುಂಬಿದಾಗಲೆಲ್ಲ ಅವರಿಗೆ ಬಾಯ್ತುಂಬ ಬೈಯುತ್ತೇನೆ. ಬೈಯುತ್ತಲೇ ನೀರನ್ನು ಕಿಟಕಿಯಿಂದ ಆ ಗಿಡದ ಬುಡಕ್ಕೆ ಸುರಿಯುತ್ತೇನೆ.