ಗಣಿಕೆಯ ಪಕ್ಕದ ಉಮ್ಮತ್ತಿ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೆಳಕವಾಡಿ ಕಡೆಯ ಗದ್ದೆ ಬದುಗಳಲ್ಲಿ ಬೆರಕೆ ಸೊಪ್ಪು ಇನ್ನೂ ಧಾರಾಳವಾಗಿ ಸಿಗುತ್ತಿತ್ತು. ಅಣ್ಣೆ, ಗಣಿಕೆ, ಕಿರಕೀರೆ, ಕೈಗೆ ಸಿಕ್ಕಿದ್ದೆಲ್ಲ ಮಡಿಲಿಗೆ. ಗಣಿಕೆ ಹಣ್ಣು ತಿಂದು ನಮ್ಮ ನಾಲಿಗೆ ಸದಾ ನೇರಳೆ.

ಆ ಮಳೆಗಾಲದ ಒಂದು ಸಂಜೆ ದೊಡ್ಡಪ್ಪನೇ ಬದುವಿನಿಂದ ಸೊಪ್ಪು ಕಿತ್ತು ತಂದ. ಅವ್ವ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿದಳು. ಮೊದಲು ಉಂಡವನು ಅವನೊಬ್ಬನೇ. ಸ್ವಲ್ಪ ಹೊತ್ತಿಗೆ ಅವನ ಮುಖ ಕೆಂಪೇರಿತು. ಇಲ್ಲದ ಹಗ್ಗವನ್ನು ಗಾಳಿಯಲ್ಲಿ ಎಳೆಯತೊಡಗಿದ. ಆಮೇಲೆ ಮಚ್ಚು ಹಿಡಿದ. ಬಾಗಿಲಿಗೆ ಕಡಿದ, ಅಡ್ಡ ಬಂದ ಅಪ್ಪನ ತೋಳಿಗೂ ಕಡಿದ. ಅಕ್ಕಪಕ್ಕದವರು ಅವನನ್ನು ಕೆಡವಿ, ಕೈಕಾಲು ಕಟ್ಟಿ, ಟೆಂಪೋದಲ್ಲಿ ಮಳವಳ್ಳಿ ಆಸ್ಪತ್ರೆಗೆ ಒಯ್ದರು.

"ಮದ್ದಿಕ್ಕವ್ಳೆ ಕಣ್ಲಾ ನಿನ್ನೆಡ್ತಿ," ಅಂದಳು ಅಜ್ಜಿ, ಅಪ್ಪನಿಗೆ.

ಊಟದಲ್ಲಿ ಮದ್ದು ಹಾಕುತ್ತಾಳೆ ಅಂತ ಒಂದು ಸಲ ಹೆಸರು ಬಂದರೆ ಆ ಹೆಂಗಸಿನ ಕೈಯ ನೀರನ್ನೂ ನಮ್ಮ ಕಡೆ ಯಾರೂ ಕುಡಿಯುವುದಿಲ್ಲ. ಅಪ್ಪ ರಕ್ತ ಸುರಿಯುವ ಕೈಯಲ್ಲೇ ಅವ್ವನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದ. ಸೌದೆ ಮುರಿಯುವ ತನಕ ಹೊಡೆದ.

"ನಾನೇನೂ ಆಕ್ನಿಲ್ಲ, ಸೊಪ್ಪು ಬಾವನೇ ತಂದಿದ್ದು," ಅನ್ನುತ್ತಲೇ ಇದ್ದಳು ಅವ್ವ.

"ಒತ್ತಾರೆ ಬಸ್ಸಿಗೆ ಅತ್ತುಸ್ಬುಡು. ತವರಲ್ಲೇ ಸಾಯ್ಲಿ," ಅಂದಳು ಅಜ್ಜಿ.

ಬೆಳಕು ಹರಿಯುತ್ತಲೇ ನಾನು ಬದುವಿಗೆ ಓಡಿದೆ. ಆ ವಾರವಷ್ಟೇ ಮೇಷ್ಟ್ರು ಹೂ ಬಿಡಿಸಿ ತೋರಿಸುತ್ತ ಸಸ್ಯ ಕುಟುಂಬಗಳನ್ನು ಕಲಿಸಿದ್ದರು. ಅವರೆ ಹೂವು ಚಿಟ್ಟೆಯ ಹಾಗೆ, ದಾಸವಾಳದ ಕೇಸರಗಳೆಲ್ಲ ಕೂಡಿ ಒಂದೇ ಕೊಳವೆ, ಬದನೆ ಕುಟುಂಬದಲ್ಲಿ ಐದೂ ಎಸಳು ಬುಡದಲ್ಲಿ ಅಂಟಿಕೊಂಡಿರುತ್ತವೆ. ಗಣಿಕೆ, ಉಮ್ಮತ್ತಿ ಎರಡೂ ಬದನೆ ಕುಟುಂಬದವೇ, ಆದರೆ ಉಮ್ಮತ್ತಿ, ಅಂದರೆ ದತ್ತೂರಿ, ಹೊಟ್ಟೆಗೆ ಹೋದರೆ ಹುಚ್ಚು ಹಿಡಿಸುವ ವಿಷ, ಹೂ ಬಿಡುವ ಮುಂಚೆ ಎಳೆ ಎಲೆ ನೋಡಿ ಮೋಸ ಹೋಗಬಹುದು ಅಂದಿದ್ದರು. ಬದುವಿನಲ್ಲಿ ಗಣಿಕೆಯ ಚುಕ್ಕಿಯಂಥ ಬಿಳಿ ಹೂವು ಕಂಡವು. ಅದಕ್ಕೆ ಒತ್ತಿಕೊಂಡೇ ಉದ್ದ ಕೊಳವೆ ಹೂವಿನ, ಮುಳ್ಳುಕಾಯಿಯ ಉಮ್ಮತ್ತಿ. ಅದರ ಬುಡದ ಮರಿಗಿಡಗಳ ಕುಡಿಯನ್ನೆಲ್ಲ ಯಾರೋ ಚಿವುಟಿದ್ದರು.

ಬೇರು ಸಮೇತ ಕಿತ್ತು ತಂದು ಅಜ್ಜಿಯ ಮುಂದೆ ಎಸೆದೆ. "ಇದು ಗಣಿಕೆ, ಇದು ಉಮ್ಮತ್ತಿ. ದೊಡ್ಡಪ್ಪ ಎರಡೂ ಕಿತ್ಕೊಂಡ್ ಬಂದವ್ನೆ."

ಅಜ್ಜಿ ಎಲೆ ಉಜ್ಜಿ ಮೂಸಿದಳು. ಅವ್ವನ ಬಟ್ಟೆ ಗಂಟು ಆಗಲೇ ಬಾಗಿಲಲ್ಲಿತ್ತು. "ಒಳಿಕ್ ಎತ್ತಿಡು," ಅಂದಳು, ಅಷ್ಟೇ. ಅಪ್ಪ ಅದನ್ನೂ ಅನ್ನಲಿಲ್ಲ. ಅವನು ಸತ್ತು ವರ್ಷಗಳಾದರೂ ನನ್ನ ಸಿಟ್ಟು ಇಳಿದಿಲ್ಲ.

ಈಗ ಬದುಗಳಿಗೆ ಕಳೆನಾಶಕ ಹೊಡೆಯುತ್ತಾರೆ. ಗಣಿಕೆಯೂ ಇಲ್ಲ, ಉಮ್ಮತ್ತಿಯೂ ಇಲ್ಲ. ನನ್ನ ಮಕ್ಕಳಿಗೆ ನೇರಳೆ ನಾಲಿಗೆ ಗೊತ್ತಿಲ್ಲ. ಅವ್ವ ಮಂಡ್ಯದಲ್ಲಿ ನನ್ನ ಜೊತೆಗಿದ್ದಾಳೆ. ಏನೇ ಅಡುಗೆ ಮಾಡಲಿ, ಎಲ್ಲರ ಎದುರಿಗೆ ಮೊದಲ ತುತ್ತು ತಾನು ತಿಂದು ಸುಮ್ಮನೆ ಕೂರುತ್ತಾಳೆ.

"ಅಜ್ಜಿ, ಹಸಿವು," ಅನ್ನುತ್ತಾನೆ ಮಗ.

"ವಸಿ ತಡಿ ಮಗ. ನಂಗೇನೂ ಆಗ್ನಿಲ್ಲ ಅಂದ್ರೆ ಬಡುಸ್ತೀನಿ."